ಉಂಡ ಎಲೆ ಅವನೇ ಎತ್ತಲಿ

ನನ್ನ ಕೈಯಲ್ಲಿ ಡಿಗ್ರಿ ಆಗದು ಎಂದು ಬಾಯಿಬಿಟ್ಟು ಹೇಳಿದವರು ಇಬ್ಬರು. ಒಬ್ಬರು ನಮ್ಮ ದೊಡ್ಡಪ್ಪ ಚೌಡಪ್ಪ. ಅಪ್ಪನಿಗೆ ಅಣ್ಣ, ಮನೆಗೆ ಯಜಮಾನ. ಅವರ ಮಾತು ಮೀರಿ ನಮ್ಮ ಮನೆಯಲ್ಲಿ ಒಲೆಯೂ ಹತ್ತುತ್ತಿರಲಿಲ್ಲ. ಇನ್ನೊಬ್ಬರು ಕಾಲೇಜಿನಲ್ಲಿ ನನಗೆ ಕನ್ನಡ ಪಾಠ ಮಾಡಿದ ಮೇಷ್ಟ್ರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಈ ಪುಸ್ತಕ ಇರುವಷ್ಟು ದಿನ ಅವರೂ ಇರುತ್ತಾರೆ. ಅಷ್ಟು ದೊಡ್ಡ ಉಪಕಾರ ಮಾಡುವ ಮನಸ್ಸು ನನಗಿನ್ನೂ ಬಂದಿಲ್ಲ. ದೊಡ್ಡಪ್ಪ ಹೇಳಿದ್ದು ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ, ಮುದ್ದೆ ಮುರಿಯುತ್ತಾ.

“ಎಣ್ಮಗ ಡಿಗ್ರಿ ಮಾಡದು ಅಂದ್ರ ಕಂಡಿಕೆಗ ನೂಲು ಸುತ್ತುದಂಗ ಅನ್ಕಂಡ್ರಾ? ನಮ್ ವಂಶ್ದಲ್ಲಿ ಆಗಿಲ್ಲ, ಆಗದೂ ಇಲ್ಲ. ಇನ್ನೊಂದು ಮಗ್ಗ ಇಳ್ಸಿ ಕೂರ್ಸ್ಲಾ ಅವ್ಳ.”

ಅಪ್ಪ ಉತ್ತರ ಕೊಡಲಿಲ್ಲ. ಉತ್ತರ ಕೊಡದೆಯೇ ನನ್ನನ್ನು ಪಿಯುಸಿಗೆ ಸೇರಿಸಿ ಬಂದರು, ಆಮೇಲೆ ಬಿ.ಎ.ಗೂ. ಅಪ್ಪನ ಧೈರ್ಯವೆಲ್ಲ ಹಾಗೇ, ಸದ್ದಿಲ್ಲದ್ದು. ದೊಡ್ಡಪ್ಪ ಅಷ್ಟೂ ವರ್ಷ ‘ನೋಡ್ತಿರು, ಅರ್ಧಕ್ಕ ಬತ್ತಳ’ ಅನ್ನುತ್ತಲೇ ಇದ್ದರು. ಮೇಷ್ಟ್ರು ಹೇಳಿದ್ದು ತರಗತಿಯಲ್ಲಿ, ಎಲ್ಲರ ಎದುರಿಗೆ. ಆ ಕತೆ ಹೇಳಬೇಕಾದರೆ ಮೊದಲು ಮನೆಯನ್ನು ತೋರಿಸಬೇಕು. ತೋರಿಸಲು ಕೂತಿರುವುದು ಸಿಟ್ಟಿನಿಂದ ಎಂದು ಈಗಲೇ ಹೇಳಿಬಿಡುತ್ತೇನೆ. ಇತ್ತೀಚೆಗೆ ಒಂದು ಸಾಹಿತ್ಯ ಸಭೆಯಲ್ಲಿ, ಮೈಕ್ ಹಿಡಿದಿದ್ದ ಹುಡುಗಿ ನನ್ನನ್ನು ಪರಿಚಯಿಸುತ್ತಾ “ಒಂದು ಪುಸ್ತಕವೂ ಇಲ್ಲದ ಮನೆಯಿಂದ ಬಂದು ಇಷ್ಟು ಪುಸ್ತಕ ಬರೆದವರು” ಎಂದಳು. ಜನ ಚಪ್ಪಾಳೆ ತಟ್ಟಿದರು. ನಾನೂ ಶಾಲು ಹೊದೆಸಿಕೊಂಡು ನಕ್ಕು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಮೈ ಉರಿಯಿತು. ಅವಳ ತಪ್ಪಲ್ಲ, ಯಾರೋ ಬರೆದುಕೊಟ್ಟಿದ್ದನ್ನು ಓದಿದ್ದಾಳೆ. ಆದರೆ ನಮ್ಮಂಥವರು ಬರಿಗೈಯಲ್ಲಿ ಬಂದೆವು ಎಂದು ಹೇಳಿದರೇ ಈ ಜನಕ್ಕೆ ಚಪ್ಪಾಳೆ ತಟ್ಟಲು ಕೈ ಬರುವುದೇಕೆ?

ನಮ್ಮ ಮನೆ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ. ಬಾಗಿಲು ದಾಟಿದರೆ ಮೊದಲು ಕಾಣುವುದು ಎರಡು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ, ಒಂದರಲ್ಲಿ ದೊಡ್ಡಪ್ಪ. ನಡುಮನೆಯೆಲ್ಲ ಮಗ್ಗಕ್ಕೇ ಹೋದ್ದರಿಂದ ಬಂದವರು ಜಗಲಿಯ ಮೇಲೆ ಕೂರಬೇಕು, ನಾವು ಮಗ್ಗಕ್ಕೂ ಗೋಡೆಗೂ ನಡುವೆ ಚಾಪೆ ಹಾಸಿ ಮಲಗಬೇಕು. ಹಿಂದೆ ಅಡುಗೆಮನೆ, ಅದರ ಹೊಸಿಲ ಹತ್ತಿರ ಅವ್ವನ ರಾಟೆ. ಅವ್ವ ಒಂದು ಕಣ್ಣು ಸಾರಿನ ಮೇಲಿಟ್ಟು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಳು. ಅವಳ ಪಕ್ಕದಲ್ಲಿ ನಮ್ಮ ಸೋದರತ್ತೆ ತಾಯಮ್ಮ. ಗಂಡ ತೀರಿಕೊಂಡ ಮೇಲೆ ಯಳಂದೂರಿನಿಂದ ಬಂದು ನಮ್ಮಲ್ಲೇ ಉಳಿದವಳು. ಕೈ ಹುರಿ ಬಿಡಿಸುತ್ತಿದ್ದರೆ ಬಾಯಿ ಅಣ್ಣಂದಿರನ್ನು ಬಿಡಿಸುತ್ತಿತ್ತು. ಮಗ್ಗದ ಮೇಲೆ ಒಂದು ಅಟ್ಟ. ಅಟ್ಟದ ತುಂಬ ವಾರಪತ್ರಿಕೆಗಳು. ಪುಸ್ತಕವಿಲ್ಲದ ಮನೆಯಂತೆ!

ಆ ಪತ್ರಿಕೆಗಳನ್ನು ನಾವು ಕೊಂಡದ್ದಲ್ಲ. ಅವ್ವನ ತವರು ಕೌದಳ್ಳಿ. ಅಲ್ಲಿ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲೇ ನಮ್ಮ ಸೋದರಮಾವನ ಅಂಗಡಿ. ಬಸ್ಸಿಳಿದು ಟೀ ಕುಡಿಯುವ ಯಾತ್ರಿಕರು ಓದಿ ಮುಗಿಸಿದ ವಾರಪತ್ರಿಕೆಗಳನ್ನು ಬೆಂಚಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಮಾವ ಅವುಗಳಲ್ಲಿ ಬೋಂಡ, ಬೆಲ್ಲ, ಕಡ್ಲೆಪುರಿ ಕಟ್ಟಿ ಕೊಡುತ್ತಿದ್ದ. ಕಟ್ಟಿ ಮಿಕ್ಕಿದ್ದನ್ನು ಅವ್ವ ತವರಿನಿಂದ ಬರುವಾಗ ಟವೆಲಿನಲ್ಲಿ ಗಂಟು ಕಟ್ಟಿ, ಹನೂರಿನ ಮೇಲೆ ಬರುವ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದಳು. ಓದಲು ಬಾರದ ಅವ್ವ ಚಿತ್ರ ನೋಡಿಯೇ ಯಾವ ಧಾರಾವಾಹಿಯ ಕಂತು ಎಂದು ಗುರುತಿಸುತ್ತಿದ್ದಳು. ಆದರೆ ಎಲ್ಲ ಕಂತು ಎಲ್ಲಿ ಸಿಗಬೇಕು? ಮದುವೆಯ ಕಂತು ಬಂದು, ಗಂಡು ನೋಡಲು ಬಂದ ಕಂತು ಬೋಂಡದ ಜೊತೆ ಯಾರದೋ ಕೈಸೇರಿರುತ್ತಿತ್ತು.

ನೇಯುವವರಿಗೆ ಕೈ ಬಿಡುವಿಲ್ಲ, ಕಾಲು ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಹಾಗಾಗಿ ಓದುವ ಕೆಲಸ ನನ್ನದು. ಅಕ್ಷರ ಕೂಡಿಸಲು ಬಂದ ದಿನದಿಂದ ಎರಡು ಮಗ್ಗದ ನಡುವೆ ಕೂತು ಗಟ್ಟಿಯಾಗಿ ಓದಿದೆ. ಎಳೆ ಬಿಗಿಸುವ ಮಗ್ಗದ ಹಲಗೆಯ ಪೆಟ್ಟು ಬೀಳುವುದರೊಳಗೆ ವಾಕ್ಯ ಮುಗಿಯಬೇಕು, ಇಲ್ಲದಿದ್ದರೆ ಅರ್ಧ ಮಾತು ಪೆಟ್ಟಿನಡಿ ಸಿಕ್ಕಿ ಸಾಯುತ್ತದೆ. ಉದ್ದ ವಾಕ್ಯ ಬಂದರೆ ನಾನೇ ಮುರಿದು ಓದುತ್ತಿದ್ದೆ. ನನ್ನ ಕತೆಗಳ ತುಂಡು ವಾಕ್ಯಗಳ ಬಗ್ಗೆ ವಿಮರ್ಶಕರೊಬ್ಬರು ಬರೆಯುತ್ತಾ ಯಾವುದೋ ಪಾಶ್ಚಾತ್ಯ ಪ್ರಭಾವ ಎಂದಿದ್ದಾರೆ. ನಮ್ಮಪ್ಪನ ಮಗ್ಗ ಯಾವ ದೇಶದಲ್ಲಿದೆ ಎಂದು ಅವರನ್ನೊಮ್ಮೆ ಕೇಳಬೇಕು.

ಕಂತು ತಪ್ಪಿಹೋದಾಗ ನಮ್ಮ ಮನೆಯವರು ಸುಮ್ಮನೆ ಕೂರುತ್ತಿರಲಿಲ್ಲ. ಹರಿದ ಎಳೆ ಕಂಡರೆ ಕೂಡಿಸದೆ ಬಿಡುವ ಜಾತಿಯಲ್ಲ ನಮ್ಮದು. ಆ ವಾರ ಏನಾಗಿರಬಹುದು ಎಂದು ಅತ್ತೆ ಶುರುಮಾಡುವಳು, ಅವ್ವ ತಿದ್ದುವಳು, ಅಪ್ಪ ಅಪರೂಪಕ್ಕೆ ಒಂದು ಮಾತು ಹಾಕುವರು. ಜಗಳವಾಗಿ, ಮುನಿಸಾಗಿ, ಊಟದ ಹೊತ್ತಿಗೆ ಒಂದು ತೀರ್ಮಾನವಾಗುತ್ತಿತ್ತು. ಮುಂದಿನ ಕಂತು ಸಿಕ್ಕಿ ಅದರಲ್ಲಿ ಬೇರೆ ಇದ್ದರೆ ತಪ್ಪು ಬರೆದವನದೇ. “ಇವ್ನೇನ್ ಬರೀವಾಗ ತೂಕುಡುಸ್ತಿದ್ನಾ?” ಎಂದು ಅತ್ತೆ ಪತ್ರಿಕೆಯನ್ನೇ ಗದರುವಳು. ನಾವು ನಮ್ಮ ತೀರ್ಮಾನವನ್ನೇ ಹಿಡಿದು ಮುಂದೆ ಓದುತ್ತಿದ್ದೆವು. ದೊಡ್ಡಪ್ಪ ಮಾತ್ರ “ಎಂಗಸ್ರ ಗೋಳು ನನ್ ಕಿವಿಗ್ ಆಕ್ಬ್ಯಾಡಿ” ಎಂದು ಮುಖ ತಿರುಗಿಸಿಕೊಂಡು ನೇಯುತ್ತಿದ್ದರು. ಆದರೆ ಕತೆ ಬಿಗಿಯಾದ ಕಡೆ ಅವರ ಮಗ್ಗದ ಸದ್ದು ತಾನಾಗಿ ತಗ್ಗುತ್ತಿತ್ತು. ಅವ್ವ ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಸಿನಿಮಾದ್ದೂ ಇದೇ ಪಾಡು. ಸಿನಿಮಾ ಜನರನ್ನು ಕೆಡಿಸಿತು ಎಂದು ದಪ್ಪ ಪುಸ್ತಕ ಬರೆದವರನ್ನು ನಾನು ಬಲ್ಲೆ. ನಮಗೆ ಸಿನಿಮಾ ಕೆಲಸ ಕೊಟ್ಟಿತು. ಹೊಸ ಚಿತ್ರ ಬಂದರೆ ಸೀರೆ ಮಾಡಿಸುವ ಧಣಿ ನೇಕಾರರನ್ನು ಟಾಕೀಸಿಗೆ ಕಳಿಸುತ್ತಿದ್ದರು, ನಾಯಕಿ ಉಟ್ಟ ಸೀರೆಯ ಅಂಚು ನೋಡಿಕೊಂಡು ಬನ್ನಿ ಎಂದು. ಅಪ್ಪ ಹೋಗಿ ಬಂದರೆ ಅತ್ತೆ ಬಾಗಿಲಲ್ಲೇ ಹಿಡಿಯುವಳು.

“ಅಣ್ಣ, ಕೊನ್ಗ ಅವ್ಳು ಬದುಕುದ್ಲಾ, ಸತ್ಲಾ?”

“ಗೊತ್ತಾಗ್ನಿಲ್ಲ ಕಣವ್ವ. ಬೆಂಕಿ ಸೀನ್ನಲ್ಲಿ ಒಗ ತುಂಬ್ಕಂಡು ಅಂಚು ಕಾಣ್ನಿಲ್ಲ.”

ಜನಪ್ರಿಯ, ಗಂಭೀರ ಎಂದು ಎರಡು ಗೂಡೆಯಲ್ಲಿ ಬರಹವನ್ನು ತುಂಬಿಡುವವರ ಮೇಲೆ ನನಗೆ ಸಿಟ್ಟು ಇರುವುದು ಇದಕ್ಕೇ. ಆ ಧಾರಾವಾಹಿಗಳೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಎಷ್ಟೋ ಸುಳ್ಳು ಇತ್ತು, ಹೆಂಗಸರನ್ನು ಅಳಿಸಿ ಅಳಿಸಿ ಕೊನೆಗೆ ಕೊಲ್ಲುವ ಚಾಳಿ ಇತ್ತು. ಆದರೆ ಆ ಬರಹದ ಜೊತೆ ನಾವು ಜಗಳವಾಡಬಹುದಿತ್ತು. ಗಂಭೀರದ್ದನ್ನು ಮುಂದಿಟ್ಟವರು ಕೈಮುಗಿ ಎಂದರು, ಅಷ್ಟೆ. ನನ್ನ ಮೊದಲ ಕಾದಂಬರಿ ತೆಗೆದುಕೊಂಡ ಪ್ರಕಾಶಕರು “ಕೊನೆಯಲ್ಲಿ ನಾಯಕಿ ಸ್ವಲ್ಪ ಅತ್ತರೆ ಓದುಗರಿಗೆ ಹತ್ತಿರವಾಗುತ್ತಾಳೆ” ಎಂದರು. ಆಗದು ಎಂದೆ. ಅವರು ಅವಳನ್ನು ಪುಸ್ತಕದ ಮುಖಪುಟದ ಮೇಲೆ ಅಳಿಸಿದರು. ಹತ್ತಿ ನೂಲುವ ಚರಕದ ಮುಂದೆ ಕಣ್ಣೀರಿಡುವ ಹೆಂಗಸು! ರೇಷ್ಮೆ ನೇಯುವ ಮನೆಗೂ ಆ ಚರಕಕ್ಕೂ ಏನು ಸಂಬಂಧ ಎಂದು ಕೇಳಿದೆ. “ನೇಕಾರರ ನೋವು ಅಂದರೆ ಇದೇ ಚಿತ್ರ ಓಡುವುದು ಮೇಡಂ” ಎಂದರು. ನೋವಂತೆ. ನಮ್ಮ ಮನೆಯಲ್ಲಿ ನಗು ಎಷ್ಟಿತ್ತು ಎಂದು ಕೇಳಿದವರು ಒಬ್ಬರೂ ಇಲ್ಲ.

ಈಗ ಮೇಷ್ಟ್ರ ಕತೆಗೆ ಬರುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಧಾರಾವಾಹಿ ನಮ್ಮ ಮನೆಯನ್ನು ಹಿಡಿದುಬಿಟ್ಟಿತ್ತು. ಗಂಡ ಇನ್ನೊಬ್ಬಳ ಹಿಂದೆ ಹೋಗುತ್ತಾನೆ. ಹೆಂಡತಿ ಬಟ್ಟೆ ಹೊಲಿದು ಮಗುವನ್ನು ಸಾಕುತ್ತಾಳೆ. ವರ್ಷಗಳಾದ ಮೇಲೆ ಅವನು ಕಾಯಿಲೆ ಬಿದ್ದು, ಹಸಿದು, ಇವಳ ಬಾಗಿಲು ಬಡಿಯುತ್ತಾನೆ. ಅಲ್ಲಿಗೆ ಮುಂದಿನ ವಾರ ಮುಕ್ತಾಯ ಎಂದಿತ್ತು. ಆ ಮುಂದಿನ ವಾರದ ಸಂಚಿಕೆ ಕೌದಳ್ಳಿಯಲ್ಲಿ ಬೆಲ್ಲದ ಜೊತೆ ಹೋಗಿಬಿಟ್ಟಿತ್ತು. ಅವ್ವ ಅಣ್ಣನ ಮೇಲೆ ಸಿಟ್ಟು ಮಾಡಿಕೊಂಡು ಉಣ್ಣದೆ ಬಂದಿದ್ದಳು. ಅಮಾವಾಸ್ಯೆ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಪೂಜೆಯಾಗಿ, ಒಬ್ಬಟ್ಟು ಉಂಡು, ಸದ್ದಿಲ್ಲದ ಮನೆಯಲ್ಲಿ ಎಲ್ಲರೂ ಈ ಬಾಗಿಲ ವಿಷಯಕ್ಕೆ ಕೂತರು.

“ಬಾಗ್ಲೇ ತಗೀಬಾರ್ದು,” ಎಂದಳು ಅತ್ತೆ. “ಅಲ್ಲೇ ಬಿದ್ದಿರ್ಲಿ ಬಡ್ಡೆತ್ತುದು.”

“ಅಸ್ಕಂಡು ಬಂದೋರ್ಗ ಬಾಗ್ಲು ತಗೀದಂಗ ಇರಕಾದ್ದಾ?” ಅವ್ವನಿಗೆ ಅದು ಒಪ್ಪದು.

“ಅವ್ನು ಬಂದಿರದು ಅನ್ನಕ್ಕೋ, ಎಡ್ತಿಗೋ?” ಎಂದರು ಅಪ್ಪ.

ಜಗಲಿಯ ಮೇಲೆ ಬೀದಿ ನೋಡುತ್ತಾ ಕೂತಿದ್ದ ದೊಡ್ಡಪ್ಪ ಇತ್ತ ತಿರುಗದೆಯೇ ಹೇಳಿದರು.

“ತಗೀಲಿ. ಕೂರ್ಸಿ ಒಟ್ಟ ತುಂಬ ಇಕ್ಲಿ. ಉಂಡಾದ್ಮ್ಯಾಲ, ಎಲ ನೀನೇ ಎತ್ತು ಅನ್ಲಿ.”

ಮನೆಯ ಗಂಡಸಿನ ಎಲೆ, ಬಂದ ನಂಟನ ಎಲೆ, ಮನೆಯವರು ಎತ್ತಬೇಕು. ನಿನ್ನ ಎಲೆ ನೀನೇ ಎತ್ತು ಎಂದರೆ ನೀನು ಗಂಡನೂ ಅಲ್ಲ ನಂಟನೂ ಅಲ್ಲ, ಹಸಿದು ಬಂದ ದಾರಿಹೋಕ. ಅನ್ನ ಹಾಕಿದ್ದೇವೆ, ಎದ್ದು ಹೋಗು. ಅವ್ವನ ಧರ್ಮವೂ ಉಳಿಯಿತು, ಅತ್ತೆಯ ಸಿಟ್ಟೂ ತೀರಿತು. ಅತ್ತೆ ಎದ್ದುಹೋಗಿ ದೊಡ್ಡಪ್ಪನ ಮುಂದೆ ಇನ್ನೊಂದು ಒಬ್ಬಟ್ಟು ಇಟ್ಟಳು. “ನಂಗ್ಯಾಕ? ನಾನೆಲ್ಲಿ ಕತ ಕೇಳ್ದಿ?” ಎಂದು ಗದರುತ್ತಲೇ ಅವರು ಅದನ್ನು ತಿಂದರು. ಆಮೇಲೆ ಬೀದಿಯ ಹೆಂಗಸರು ಕೇಳಿದಾಗಲೆಲ್ಲ ನಾನು ಆ ಕತೆಯನ್ನು ಹಾಗೇ ಓದಿದೆ, ಹಾಗೇ ಹೇಳಿದೆ. ಹೇಳಿ ಹೇಳಿ ಅದು ಅಚ್ಚಾದದ್ದೇ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಬಿ.ಎ. ಎರಡನೇ ವರ್ಷ ಮೇಷ್ಟ್ರು ಒಬ್ಬೊಬ್ಬರೂ ತಾವು ಮೆಚ್ಚಿದ ಕಾದಂಬರಿಯ ಬಗ್ಗೆ ಮಾತಾಡಬೇಕೆಂದರು. ಉಳಿದವರು ಪಠ್ಯದಲ್ಲಿದ್ದುದನ್ನೇ ಒಪ್ಪಿಸಿದರು. ನಾನು ಆ ಧಾರಾವಾಹಿಯನ್ನು ಹೇಳಿದೆ. ಹುಡುಗಿಯರು ಪೆನ್ನು ಕೆಳಗಿಟ್ಟು ಕೇಳಿದರು. ಎಲೆ ಎತ್ತಿಸುವಲ್ಲಿಗೆ ಬಂದಾಗ ಮೇಷ್ಟ್ರು ಕನ್ನಡಕ ತೆಗೆದು ನಕ್ಕರು. ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

“ಎಲೆ ಎತ್ತಿಸಿದ್ದು ಯಾವ ಪುಟದಲ್ಲಮ್ಮಾ? ಕೊನೆಯಲ್ಲಿ ಅವಳು ಗಂಡನ ಪಾದದ ಮೇಲೆ ಬಿದ್ದು ಪ್ರಾಣ ಬಿಡುತ್ತಾಳೆ. ಇಂಥ ಕಳಪೆ ಧಾರಾವಾಹಿಯನ್ನೇ ನೆಟ್ಟಗೆ ಓದಲಾರದವಳು ಬಿ.ಎ. ಹೇಗೆ ಮಾಡುತ್ತೀಯ?”

ಆ ಕೊನೆ ನಾವೇ ಕಟ್ಟಿದ್ದು ಎಂದು ನನಗೆ ಆಗ ನೆನಪಾಯಿತು. ಆದರೆ ಬಾಯಿ ಅತ್ತೆಯ ಕೈಯಲ್ಲಿ ಪಳಗಿದ್ದು.

“ಕಳಪೆ ಅಂತೀರ, ಕೊನೆ ಅಷ್ಟು ಚೆನ್ನಾಗಿ ಹೆಂಗ್ ನೆನಪಿದೆ ಸಾ?”

ಇಡೀ ತರಗತಿ ನಕ್ಕಿತು. ಮೇಷ್ಟ್ರ ನಗು ನಿಂತಿತು. “ನೇಕಾರರ ಮನೆಯಲ್ಲಿ ನೇಯ್ದದ್ದೆಲ್ಲ ಸಾಹಿತ್ಯ ಆಗುವುದಿಲ್ಲ. ನಿನಗೆ ಡಿಗ್ರಿ ದಕ್ಕುವುದಿಲ್ಲ, ಬರೆದಿಟ್ಟುಕೋ. ನಾಳೆಯಿಂದ ನನ್ನ ಕ್ಲಾಸಿಗೆ ಬರಬೇಡ.” ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವರು ಹೇಳಿದ್ದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು. ತಟ್ಟೆ ಮುಂದೆ ಕೂತು, ಇನ್ನು ಕಾಲೇಜಿಗೆ ಹೋಗುವುದಿಲ್ಲ, ಮಗ್ಗ ಇಳಿಸಿ ಎಂದೆ. ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ಅವರು ಕಾದಿದ್ದ ದಿನ ಇದೇ ಅಲ್ಲವೇ? ದೊಡ್ಡಪ್ಪ ಮುದ್ದೆ ನುಂಗಿ, ಏನಾಯಿತೆಂದು ಕೇಳಿದರು. ಹೇಳಿದೆ. ಡಿಗ್ರಿ ದಕ್ಕದು ಎಂದದ್ದು ಅವರ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

“ಏನಂದ? ಕಾಲ್ ಮ್ಯಾಲ ಬಿದ್ದು ಸತ್ಲಾ? ಹಂಗಂತ ಅಚ್ಚಾಕವ್ರಾ?”

“ಹೂಂ ದೊಡ್ಡಪ್ಪ.”

“ಬಟ್ಟ ಒಲ್ದು ಮಗ ಸಾಕ್ದೋಳು! ಆ ಮುಂಡೇದರ ಕಾಲ್ ಮ್ಯಾಲಾ? ಅದ್ನ ಸರಿ ಅಂತ ಏಳ್ಕೊಡ್ತನಾ ನಿಮ್ಮೇಷ್ಟ್ರು? ಎಲ ಎತ್ಸಿದ್ದುಕ್ಕ ನಗಾಡುದ್ನಾ?”

“ಅಣ್ಣ, ನೀನ್ ಕತ ಕೇಳ್ನೇ ಇಲ್ವಲ್ಲ,” ಎಂದಳು ಅತ್ತೆ.

“ಮುಚ್ಕಂಡ್ ಉಣ್ಣು ತಾಯಿ.”

ಮರುದಿನ ದೊಡ್ಡಪ್ಪ ಮಗ್ಗಕ್ಕೆ ಇಳಿಯಲಿಲ್ಲ. ಅಮಾವಾಸ್ಯೆಯಲ್ಲದ ದಿನ ಅವರ ಮಗ್ಗ ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಒಗೆದ ಪಂಚೆ ಉಟ್ಟು, ಶರ್ಟಿನ ಮೇಲೆ ಟವೆಲು ಹಾಕಿಕೊಂಡು ನನ್ನ ಮುಂದೆ ಮುಂದೆ ಕಾಲೇಜಿಗೆ ನಡೆದರು. ಮೇಷ್ಟ್ರುಗಳ ಕೋಣೆಯ ಬಾಗಿಲಲ್ಲಿ ನಿಂತು ಕೈಮುಗಿದರು.

“ಸಾ, ಆ ಎಲ ಎತ್ಸಿದ್ದು ನಾನು. ನಮಗ್ ಸಿಕ್ಕಿದ್ರಲ್ಲಿ ಕೊನೆ ಕಂತೇ ಇರ್ನಿಲ್ಲ. ಮಗಿಂದೇನೂ ತಪ್ಪಿಲ್ಲ.”

“ಓಹೋ, ಕಾದಂಬರಿಕಾರರು ನೀವೋ!” ಎಂದರು ಮೇಷ್ಟ್ರು. ಒಳಗಿದ್ದವರು ನಕ್ಕರು. “ಹುಡುಗಿಗೆ ಮಗ್ಗ ಹೇಳಿಕೊಡಿ ಯಜಮಾನ್ರೇ. ಸುಮ್ಮನೆ ಯಾಕೆ ಇಲ್ಲಿಗೆ ಕಳಿಸಿ ಕಷ್ಟ ಪಡುತ್ತೀರಿ?”

ಬೀದಿಯಲ್ಲಾಗಿದ್ದರೆ ದೊಡ್ಡಪ್ಪನ ಬಾಯಿ ತಡೆಯುವವರಿರಲಿಲ್ಲ. ಇಲ್ಲಿ ಮೇಜು, ಕುರ್ಚಿ, ಇಸ್ತ್ರಿ ಮಾಡಿದ ಶರ್ಟುಗಳು. ಮಾತು ಕೆಳದನಿಯಲ್ಲೇ ಬಂತು.

“ಮಗ್ಗ ಏಳ್ಕೊಡಕ್ಕ ನಾವಿವಿ ಸಾ. ಕನ್ನಡ ಏಳ್ಕೊಡಕ್ಕ ನೀವಿರದು. ನಾನಿಲ್ಲೇ ಕುಂತಿರ್ತೀನಿ. ಒಳಿಕ್ ಬುಡಿ.”

ಮೇಷ್ಟ್ರು ಎದ್ದುಬಂದು ಬಾಗಿಲು ಹಾಕಿಕೊಂಡರು. ದೊಡ್ಡಪ್ಪ ಹೊರಗೆ ಕಲ್ಲು ಬೆಂಚಿನ ಮೇಲೆ ಕೂತರು. ಗಂಟೆ ಹೊಡೆದು ಹುಡುಗರು ಒಳಗೆ ಹೋದರು, ಹೊರಗೆ ಬಂದರು, ನೋಡಿ ಕಿಸಕ್ಕೆಂದರು. ಅವರು ಅಲ್ಲಾಡಲಿಲ್ಲ. ಮರುದಿನ ಮತ್ತೆ ಬಂದು ಅಲ್ಲೇ ಕೂತರು. ಧಣಿಯ ಆಳು ಸೀರೆ ಎಲ್ಲಿ ಎಂದು ಮನೆಗೆ ಬಂದು ಕೂಗಾಡಿ ಹೋದನಂತೆ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಆಗಿ, ಅವರ ಪಕ್ಕ ಕೂರಲೂ ಆಗದೆ ದೂರ ನಿಲ್ಲಲೂ ಆಗದೆ ಕಂಬ ಹಿಡಿದುಕೊಂಡಿದ್ದೆ. ಕೊನೆಗೆ ಆ ದಾರಿಯಲ್ಲಿ ಬಂದ ಪ್ರಿನ್ಸಿಪಾಲರು ನಿಂತು, ಯಾರು, ಏನು ಎಂದು ವಿಚಾರಿಸಿದರು. ದೊಡ್ಡಪ್ಪ ಧಾರಾವಾಹಿಯ ಕತೆಯನ್ನು ಮೊದಲಿನಿಂದ ಹೇಳತೊಡಗಿದರು. ಗಂಡ ಬಾಗಿಲು ಬಡಿಯುವವರೆಗೂ ಪ್ರಿನ್ಸಿಪಾಲರು ನಿಂತೇ ಕೇಳಿದರು. ಆಮೇಲೆ ನನ್ನನ್ನು ಕರೆದು, ಹೋಗಮ್ಮಾ, ಕ್ಲಾಸಿಗೆ ಹೋಗು ಎಂದರು. ಮೇಷ್ಟ್ರು ಕ್ಷಮೆ ಕೇಳಲಿಲ್ಲ. ಮುಂದಿನ ಒಂದೂವರೆ ವರ್ಷ ನನ್ನ ಹೆಸರು ಕೂಗುವಾಗ ಮುಖ ನೋಡಲಿಲ್ಲ. ನಾನು ಕೊನೆಯ ಬೆಂಚಿನಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಮನೆಗೆ ಬಂದು ಅದನ್ನೇ ಮಗ್ಗದ ನಡುವೆ ಗಟ್ಟಿಯಾಗಿ ಓದಿದೆ. ಹಳಗನ್ನಡದ ಯುದ್ಧವರ್ಣನೆ ಕೇಳಿ ಅತ್ತೆಗೆ ನಿದ್ದೆ ಬರುತ್ತಿತ್ತು. ದೊಡ್ಡಪ್ಪ ಮಾತ್ರ ಈಗ ಮುಖ ತಿರುಗಿಸಿಕೊಳ್ಳುವುದನ್ನು ಬಿಟ್ಟಿದ್ದರು. ಅರ್ಥ ಹೇಳು ಎಂದು ಕೇಳುತ್ತಿದ್ದರು. ಹೇಳಿದರೆ, ಆ ರಾಜ ಹಾಗೆ ಮಾಡಬಾರದಿತ್ತು ಎಂದು ವಾದಕ್ಕೆ ಇಳಿಯುತ್ತಿದ್ದರು.

ಪುಸ್ತಕವಿಲ್ಲದ ಮನೆ ಎಂದು ಚಪ್ಪಾಳೆ ತಟ್ಟಿದವರಿಗೆ ಇದಿಷ್ಟನ್ನೂ ಆ ಮೈಕಿನಲ್ಲಿ ಹೇಳಬೇಕಿತ್ತು. ನನಗೆ ಬರೆಯಲು ಕಲಿಸಿದವರಲ್ಲಿ ನಾಲ್ಕನೇ ಕ್ಲಾಸು ದಾಟಿದವರು ಯಾರೂ ಇಲ್ಲ. ಓದಿದ್ದನ್ನು ಒಪ್ಪಿಕೊಳ್ಳಲೇಬೇಕೆಂಬ ಭಯವೂ ಅವರಿಗಿರಲಿಲ್ಲ. ಆ ಭಯವನ್ನು ಕಲಿಯಲು ನನಗೆ ಕಾಲೇಜೇ ಬೇಕಾಯಿತು, ಅದನ್ನು ಬಿಡಲು ಅದರ ಎರಡರಷ್ಟು ವರ್ಷ ಹಿಡಿಯಿತು.

ಡಿಗ್ರಿ ಸರ್ಟಿಫಿಕೇಟು ಬಂದಿದೆ ಎಂದು ಕಾಲೇಜಿನಿಂದ ಹೇಳಿಕಳಿಸಿದ ದಿನ ಅಪ್ಪ ಸೆರಗು ನೇಯುತ್ತಿದ್ದರು, ನಡುವೆ ಏಳುವಂತಿರಲಿಲ್ಲ. ದೊಡ್ಡಪ್ಪ ಬಂದರು. ಕಿಟಕಿಯೊಳಗಿನ ಗುಮಾಸ್ತರು ನನ್ನ ಸಹಿ ಹಾಕಿಸಿಕೊಂಡು, ಅದನ್ನು ನನ್ನ ಕೈಗೆ ಕೊಟ್ಟರು. ನಾನು ದೊಡ್ಡಪ್ಪನಿಗೆ ಕೊಟ್ಟೆ. ಅವರು ಟವೆಲಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡು, ಬಿಸಿಲಿಗೆ ಬಂದು, ತುಟಿ ಅಲ್ಲಾಡಿಸುತ್ತಾ ನನ್ನ ಹೆಸರು, ಅಪ್ಪನ ಹೆಸರು ಓದಿದರು. ಮೆಚ್ಚುಗೆಯ ಮಾತು ಬರುತ್ತದೆಂದು ನಾನು ಕಾದೆ. ಅವರು ಮೇಷ್ಟ್ರುಗಳ ಕೋಣೆಯ ಕಡೆ ನೋಡಿದರು.

“ಇದ್ರ ಮ್ಯಾಲ ಏನದಮ್ಮಿ?”

“ಎಂ.ಎ. ದೊಡ್ಡಪ್ಪ.”

“ಅದು ಅವ್ನಿಗದ?”

“ಅದ.”

“ಅದ್ರ ಮ್ಯಾಲ?”

“ಪಿಎಚ್‌.ಡಿ. ಅಂತ. ಅದು ಅವ್ರಿಗಿಲ್ಲ.”

“ಹಂಗಾರ ಅದುಕ್ಕ ಎಸ್ರು ಬರ್ಸು,” ಎಂದು ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸು ಕೊಟ್ಟರು. “ನಡಿ, ಮಗ್ಗ ಸುಮ್ಕ ಬಿದ್ದದ.”